ಬಂಗಾರ ತುಂಬಿದ ಬಟ್ಟಲು

"ಮುಕ್ಕಾಗೈತೆ ಅಂತ ಸರಿ ಮಾಡೋಕೆ ಓಗ್ಬೇಡ ಕಣಪ್ಪ. ಅದು ಅಂಗೇ ಇರ್ಲಿ. ಮುಕ್ಕಾಗಿರೋದ್ರಿಂದ್ಲೇ ಅದು ಸುಮ್ಕಿರೋದು."

ಮುನಿಕೆಂಪಮ್ಮ ಇಷ್ಟು ಹೇಳಿ ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು. ಚಿಕ್ಕಬಾಣಾವರದ ರೈಲು ಹಳಿಯ ಪಕ್ಕದ ಆ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇನ್ನೂ ಸೀರೆ ಉಡಲು ಸರಿಯಾಗಿ ಬರುತ್ತಿರಲಿಲ್ಲವಂತೆ. ಈಗ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಅದೇ ಮನೆಯನ್ನು ಜೆಸಿಬಿ ಕೆಡವುವುದನ್ನು ನೋಡುತ್ತಿದ್ದಳು. ಗೋಡೆ ಬಿದ್ದಾಗಲೆಲ್ಲ ಹಳೆಯ ಮಣ್ಣು, ಬಾವಲಿ ಹಿಕ್ಕೆ, ಎಂದೋ ಮುಗ್ಗಿದ ರಾಗಿ ಎಲ್ಲ ಬೆರೆತ ವಾಸನೆಯೊಂದು ಎದ್ದು ಬಂದು ಮೂಗಿಗೆ ಅಡರುತ್ತಿತ್ತು.

ಅವಳೆದುರು ಬಟ್ಟಲು ಹಿಡಿದು ನಿಂತಿದ್ದ ದಂತವೈದ್ಯ ವಾಸುವಿಗೆ ಆ ವಾಸನೆಯೂ ತಟ್ಟಲಿಲ್ಲ, ಆ ಮಾತೂ ತಟ್ಟಲಿಲ್ಲ. ಅವನು ಬಟ್ಟಲನ್ನು ಮಗುಚಿ ತಳ ನೋಡುತ್ತಿದ್ದ. ಹೊಳಪು ಹಚ್ಚದೆ ಬಿಟ್ಟ ಪಾದದ ಅಂಚು, ಅದರೊಳಗೆ ಭಟ್ಟಿಯಲ್ಲಿ ಬಟ್ಟಲನ್ನು ಹೊತ್ತು ನಿಂತಿದ್ದ ಮಣ್ಣಿನ ಮೊಳೆಗಳ ಪುಟ್ಟ ಕಲೆಗಳು. ಒಳಮೈಯಲ್ಲಿ ಗಾಢ ನೀಲಿ, ಇಟ್ಟಿಗೆ ಕೆಂಪು, ಸವೆದ ಚಿನ್ನದ ಗೆರೆ, ನಡುವೆ ಒಂದು ಸೇವಂತಿಗೆ. ಜಪಾನಿನ ಭಟ್ಟಿಯಲ್ಲಿ ಬೆಂದು ಇಮಾರಿ ಬಂದರಿನಿಂದ ಹಡಗು ಹತ್ತಿದ ಪಿಂಗಾಣಿ! ಇಂಥದ್ದನ್ನು ಅವನು ಮ್ಯೂಸಿಯಮ್ಮಿನ ಗಾಜಿನಾಚೆ ಕಂಡಿದ್ದನೇ ಹೊರತು ಕೈಯಲ್ಲಿ ಹಿಡಿದವನಲ್ಲ. ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮುಕ್ಕು. ಅದೊಂದು ಇಲ್ಲದಿದ್ದರೆ!

"ಇದು ನಿಮ್ಮನೆಗೆ ಹೆಂಗ್ ಬಂತು ಲಕ್ಕಣ್ಣ?"

ಮುದುಕಿಯ ಮಗ ಲಕ್ಕಣ್ಣ ಬಿಲ್ಡರು. ಹೋದ ತಿಂಗಳು ವಾಸುವಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿ, ಗೋಡೆಯ ಬೀರುವಿನಲ್ಲಿದ್ದ ಜಪಾನೀ ತಟ್ಟೆಗಳನ್ನು ನೋಡಿ, "ಇಂಥದ್ದೊಂದು ನಮ್ಮ ಹಳೇ ಮನೇಲೂ ಬಿದ್ದಿದೆ ಡಾಕ್ಟ್ರೇ" ಎಂದು ತೊದಲಿದವನು ಅವನೇ.

"ನಮ್ಮ ಮುತ್ತಾತ ಕಂಟೋನ್ಮೆಂಟಲ್ಲಿ ಯಾವ್ದೋ ದೊರೆ ಮನೆಗೆ ದ್ರಾಕ್ಷಿ ಕೊಡ್ತಿದ್ನಂತೆ. ದೊರೆ ಊರು ಬಿಡೋವಾಗ ಕೊಟ್ಟು ಹೋದ್ನಂತೆ. ನಮ್ಮೋರಿಗೆ ಪಿಂಗಾಣಿ ಅಂದ್ರೆ ಮೈಲಿಗೆ, ಒಳಗೆ ಬಿಟ್ಕೋತಾರಾ? ಹಟ್ಟಿ ಗೋಡೆ ಗೂಡಲ್ಲಿ ಇಟ್ಟಿದ್ರು. ಕೂಲಿಯೋರ ಊಟಕ್ಕೆ."

"ಇದ್ರಲ್ಲಿ ಕೂಲಿಯೋರಿಗೆ ಊಟಾನಾ!" ವಾಸುವಿಗೆ ನಗು ತಡೆಯಲಾಗಲಿಲ್ಲ.

"ಲಕ್ಕ, ಬಾಯ್ಮುಚ್ಚು," ಎಂದಳು ಮುದುಕಿ. ಮತ್ತೆ ವಾಸುವಿನ ಕಡೆ ತಿರುಗಿ, "ನೋಡಪ್ಪ, ಏಳೋದ್ ಏಳ್ತೀನಿ. ಬೀರುವಲ್ಲಿ ಇಟ್ಕೊ, ನೋಡ್ಕೊ. ಮುಕ್ಕು ಮಾತ್ರ ಮುಚ್ಬೇಡ. ಅದ್ರಲ್ಲಿ ಉಣ್ಬೇಡ."

"ಅಜ್ಜಿ, ಮುಕ್ಕು ತುಂಬೋದೇ ನನ್ನ ಕಸುಬು. ಬಾಯಿ ತೆಗೀರಿ, ನಿಮ್ಮದೂ ತುಂಬಿ ಕಳಿಸ್ತೀನಿ."

ಲಕ್ಕಣ್ಣ ಗೊಳ್ಳೆಂದು ನಕ್ಕ. ದುಡ್ಡು ಬೇಡ, ಹೆಂಡತಿಯ ಮುಂದಿನ ಹಲ್ಲಿಗೊಂದು ಕ್ಯಾಪ್ ಹಾಕಿಕೊಡಿ ಸಾಕು ಎಂದ. ಮುದುಕಿ ನಗಲಿಲ್ಲ.

"ನಗು. ನಮ್ಮತ್ತೇನೂ ನಕ್ಕಿದ್ಲು," ಎಂದಳು.

ಚಳ್ಳಕೆರೆಯಿಂದ ಬಂದು ನಾಲ್ಕಾರು ವರ್ಷಗಳಲ್ಲಿ ವಾಸು ತಣಿಸಂದ್ರದಲ್ಲಿ ಹೆಸರು ಮಾಡಿದ್ದ. ಮುಖ್ಯರಸ್ತೆಯಲ್ಲಿ ಕ್ಲಿನಿಕ್, ಅದರ ಹಿಂದಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮನೆ. ಹೆಂಡತಿ ಧನಲಕ್ಷ್ಮಿ, ಮಗಳು ರಾಣಿ. ಉಳಿದ ಪ್ರೀತಿಯೆಲ್ಲ ಪಿಂಗಾಣಿಗೆ. ಒಡೆದ ಪಾತ್ರೆಯ ಗಾಯವನ್ನು ಬಚ್ಚಿಡದೆ, ಒಂದು ಮರದ ಅಂಟಿನಿಂದ ತುಂಬಿ, ಮೇಲೆ ಚಿನ್ನದ ಪುಡಿ ಉದುರಿಸಿ ಮೆರೆಸುವ ಜಪಾನೀಯರ ಕಲೆಯನ್ನು ಅವನು ವಿಡಿಯೋ ನೋಡಿ ನೋಡಿ ಕಲಿತಿದ್ದ. ಹಲ್ಲು ತುಂಬುವ ಕೈಗೆ ಅದು ಕಷ್ಟವೇ?

ರೋಗಿಗಳಿಲ್ಲದ ಮಧ್ಯಾಹ್ನಗಳಲ್ಲಿ ಬಟ್ಟಲಿನ ಕೆಲಸ ನಡೆಯಿತು. ಅಂಟು ಒಣಗುವುದು ಗಾಳಿಯಲ್ಲಲ್ಲ, ತೇವದಲ್ಲಿ. ಒದ್ದೆ ಟವೆಲ್ ಹಾಸಿದ ಪೆಟ್ಟಿಗೆಯೊಳಗೆ ಬಟ್ಟಲನ್ನಿಟ್ಟು ಮುಚ್ಚಬೇಕು, ತೆಗೆದು ಉಜ್ಜಬೇಕು, ಮತ್ತೆ ಹಚ್ಚಿ ಮುಚ್ಚಬೇಕು. ಒಂದು ದಿನ ಮುಚ್ಚಳ ತೆಗೆದಾಗ ಒಳಗಿಂದ ಬೆಚ್ಚನೆಯ ಉಸಿರಿನಂಥದ್ದು ಮುಖಕ್ಕೆ ಬಡಿಯಿತು. ಅಂಟಿನ ವಾಸನೆಯಲ್ಲ. ಆ ವಾಸನೆ ವಾಸುವಿಗೆ ಚೆನ್ನಾಗಿ ಗೊತ್ತಿತ್ತು. ದಿನಗಟ್ಟಲೆ ಏನೂ ತಿನ್ನದವರು ಬಂದು ಕುರ್ಚಿಯಲ್ಲಿ ಬಾಯಿ ತೆರೆದಾಗ ಹೊಮ್ಮುವ ಹುಳಿಹುಳಿ ವಾಸನೆ ಅದು. ಖಾಲಿ ಹೊಟ್ಟೆಯ ಬಾಯಿಯ ವಾಸನೆ. ಟವೆಲ್ ಕೊಳೆತಿರಬೇಕು ಎಂದುಕೊಂಡು ಬದಲಾಯಿಸಿದ.

ಚಿನ್ನ ಹಚ್ಚಿ ಮುಗಿದ ದಿನ ಉಗುರಿನಿಂದ ಅಂಚನ್ನು ತಟ್ಟಿ ನೋಡಿದ. ಎಷ್ಟೇ ಚೆನ್ನಾಗಿ ಬೆಸೆದರೂ ಒಮ್ಮೆ ಒಡೆದ ಪಿಂಗಾಣಿ 'ಟಕ್' ಎನ್ನುತ್ತದೆ, ಅಷ್ಟೇ. ಇದು ಹಾಡಿತು. ದೇವಸ್ಥಾನದ ಕಿರುಗಂಟೆಯ ಹಾಗೆ ಉದ್ದಕ್ಕೆ, ಕೋಣೆಯ ಮೂಲೆಮೂಲೆಗೆ ಹೋಗಿ ಹುಡುಕಿ ಬಂದಂತೆ ಹಾಡಿತು. ಹಾಗಾಗುವುದು ಸಾಧ್ಯವೇ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವನು ಹೆದರಲಿಲ್ಲ. ಹೆಮ್ಮೆಪಟ್ಟ.

ಆ ಹೆಮ್ಮೆಯಲ್ಲೇ ಬಟ್ಟಲನ್ನು ಮನೆಗೆ ತಂದ.

"ಕ್ಲಿನಿಕ್ಕಲ್ಲೂ ಮನೇಲೂ ಬೀರು ತುಂಬ ಪಿಂಗಾಣಿ, ತಿನ್ನೋದು ಮಾತ್ರ ಸ್ಟೀಲ್ ತಟ್ಟೇಲಿ," ಎಂದು ಧನಲಕ್ಷ್ಮಿ ಎಂದಿನಂತೆ ಚುಚ್ಚಿದಳು. "ಒಂದಿನಾನಾದ್ರೂ ಇದ್ರಲ್ಲಿ ಊಟ ಹಾಕಿದ್ರೆ ನಿಮ್ಮ ಜಪಾನು ಮುಳುಗಿ ಹೋಗುತ್ತಾ?"

"ಹಾಕು. ಇವತ್ತೇ ಹಾಕು. ಮೊದಲ ತುತ್ತು ನಮ್ಮ ರಾಣಿಗೆ!"

ಏಳು ವರ್ಷದ ರಾಣಿ ಒಂದು ಇಡ್ಲಿಗೆ ಮೂರು ಕಾರ್ಟೂನು ಕೇಳುವ ಹುಡುಗಿ. ಅವಳ ಬಾಯಿಗೆ ಅನ್ನ ಸೇರಿಸುವುದೇ ಆ ಮನೆಯ ದೊಡ್ಡ ಯುದ್ಧ. ವಾಸು ತಾನೇ ಮೊಸರನ್ನ ಕಲಸಿ, ಬಟ್ಟಲಿನಲ್ಲಿಟ್ಟು ತಿನ್ನಿಸಿದ. ಮಗು ಪೂರ್ತಿ ತಿಂದಳು. ತಳದ ಸೇವಂತಿಗೆಯನ್ನು ನೆಕ್ಕಿದಳು.

"ಇನ್ನೂ," ಎಂದಳು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕರು. ಎಂಥಾ ಸಂತೋಷ!

ಸಂತೋಷ ವಾರದೊಳಗೆ ಸತ್ತಿತು. ರಾಣಿ ಬೆಳಗಿನ ಇಡ್ಲಿಯ ಪಾತ್ರೆಯನ್ನೇ ಖಾಲಿ ಮಾಡಿದಳು. ಶಾಲೆಯಲ್ಲಿ ಬೇರೆ ಮಕ್ಕಳ ಡಬ್ಬಿಗಳನ್ನು ಕಸಿದು ತಿಂದಳೆಂದು ಫೋನು ಬಂತು. ಹಸಿ ಅಕ್ಕಿ ಮುಕ್ಕಿದಳು, ಸೀಮೆಸುಣ್ಣ ತಿಂದಳು, ಟೂತ್‌ಪೇಸ್ಟ್ ಹಿಂಡಿ ನುಂಗಿದಳು. ತಿಂದಷ್ಟೂ ಕೆನ್ನೆ ಒಳಗಿಳಿಯಿತು. ಕೈಕಾಲು ಕಡ್ಡಿಯಾದವು. ಜಂತುಹುಳು ಎಂದರು, ಥೈರಾಯ್ಡ್ ಎಂದರು. ಹೆಬ್ಬಾಳದ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಏನೂ ತೊಂದರೆ ಕಾಣುತ್ತಿಲ್ಲವಲ್ಲ ಎಂದು ವೈದ್ಯರೇ ಬೆವರು ಒರೆಸಿಕೊಂಡರು. ಯುನಿಫಾರ್ಮಿನ ಸ್ಕರ್ಟು ಸೊಂಟದಲ್ಲಿ ನಿಲ್ಲದೆ ಧನಲಕ್ಷ್ಮಿ ಪಿನ್ನು ಹಾಕುತ್ತಿದ್ದಳು. ಪ್ರತಿದಿನ ಪಿನ್ನು ಇನ್ನಷ್ಟು ಒಳಕ್ಕೆ.

ಒಂದು ಮುಂಜಾನೆ ಹಾಲಿನವನ ಗಂಟೆಗೆ ಎದ್ದ ವಾಸು ಅಡುಗೆಮನೆಯಲ್ಲಿ ಮಗಳನ್ನು ಕಂಡ. ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಮಡಿಲಲ್ಲಿ ಆ ಬಟ್ಟಲು. ಬೀಗ ಹಾಕಿದ ಬೀರುವಿನೊಳಗಿದ್ದ ಬಟ್ಟಲು. ಅದರ ತುಂಬ ಹಸಿ ರಾಗಿಹಿಟ್ಟು, ಅವಳ ತುಟಿ ಗಲ್ಲವೆಲ್ಲ ಹಿಟ್ಟು. ಅಗಿಯುವ ಸದ್ದು ಮಾತ್ರ ಒಂದು ಬಾಯಿಯದಾಗಿರಲಿಲ್ಲ.

"ಪುಟ್ಟಾ..."

"ಅಪ್ಪಾ, ಹೊಟ್ಟೇಲಿ ಒಂದು ಪಾಪು ಕೂತಿದೆ. ನಾನು ತಿನ್ನೋದೆಲ್ಲ ಅದಕ್ಕೇ ಹೋಗುತ್ತೆ. ನಂಗೆ ಸಿಗ್ತಾನೇ ಇಲ್ಲ ಅಪ್ಪಾ."

ಬಾಯಿ ತೆರೆಸಿ ನೋಡಿದ. ಹಾಲುಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು, ಎಂಬತ್ತು ವರ್ಷ ಅಗಿದವರ ಹಲ್ಲಿನ ಹಾಗೆ. ಒಳಗಿಂದ ಬಂದ ಉಸಿರಿಗೆ ಅದೇ ಹುಳಿ ವಾಸನೆ.

ಅಲ್ಲಿಗೆ ವಾಸುವಿನ ನಗು ಮುಗಿಯಿತು.

ಮಧ್ಯಾಹ್ನ ಕ್ಲಿನಿಕ್ಕಿನ ಷಟರ್ ಅರ್ಧ ಎಳೆದು, ಬಟ್ಟಲನ್ನು ಮೇಜಿಗೆ ಕಚ್ಚಿಸಿ, ಡ್ರಿಲ್ ಕೈಗೆತ್ತಿಕೊಂಡ. ತುಂಬಿದ್ದು ತಾನೇ ತಾನೆ? ತಾನೇ ಕೆರೆದು ತೆಗೆದರಾಯಿತು. ಡ್ರಿಲ್ಲಿನ ತುದಿ ಚಿನ್ನಕ್ಕೆ ತಾಗಿತು. ಕೀರಲು ಸದ್ದು. ಚಿನ್ನ ಬಿಸಿಯಾಯಿತು. ಸುಟ್ಟ ವಾಸನೆ. ಪಿಂಗಾಣಿಯದಲ್ಲ. ಮೂಳೆಯದು. ಅವನ ಮೂಗು ಬಲ್ಲ ವಾಸನೆ. ಹಲ್ಲು ಕೊರೆದಾಗ ಬರುವುದು. ಇನ್ನೂ ಒತ್ತಿದ. ಫೋನು ಬಡಿದುಕೊಂಡಿತು.

"ರೀ! ಬನ್ನಿ ರೀ! ದವಡೆ ಹಿಡ್ಕೊಂಡು ಕಿರುಚ್ತಿದಾಳೆ! ರಕ್ತ ರೀ, ಬಾಯಿ ತುಂಬ ರಕ್ತ!"

ಡ್ರಿಲ್ ನಿಂತಿತು. ಫೋನಿನಲ್ಲಿ ಕಿರುಚಾಟವೂ ನಿಂತಿತು.

ಓಡಿದ. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದ. ಮಗಳ ಬಾಯಿಗೆ ಟಾರ್ಚು ಬಿಟ್ಟ. ಕೆಳದವಡೆಯ ಹಲ್ಲೊಂದರಲ್ಲಿ ದುಂಡನೆಯ ತೂತು. ನುಣ್ಣಗೆ ಕೊರೆದದ್ದು. ಅವನದೇ ಕೈಕೆಲಸ.

ಮುನಿಕೆಂಪಮ್ಮ ಈಗ ಮಗನ ಹೊಸ ಮನೆಯ ಗ್ರಾನೈಟ್ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗೇಟು ನೂಕಿಕೊಂಡು ಬಂದ ವಾಸುವಿನ ಮುಖ ನೋಡುತ್ತಲೇ ಮೊರವನ್ನು ಪಕ್ಕಕ್ಕಿಟ್ಟಳು.

"ಮುಚ್ಚಿದ್ಯಾ?"

"ಹೂಂ."

"ಏನಾಕಿ?"

"ಚಿನ್ನ."

"ಅಯ್ಯೋ ನಿನ್ ಬುದ್ಧಿಗೆ! ಭಿನ್ನ ಆದ ಮೂರ್ತಿಗೆ ಯಾರಾನಾ ಎಡೆ ಇಕ್ತಾರಾ? ಅದಕ್ಕೇ ಕಣೋ ಅದನ್ನ ಭಿನ್ನ ಮಾಡಿದ್ದು. ನೀನು ಚಿನ್ನ ಇಕ್ಕಿ ತಿರ್ಗಾ ಪ್ರತಿಷ್ಠೆ ಮಾಡಿದ್ಯಲ್ಲೋ. ಯಾರ್ ಉಂಡ್ರು ಅದ್ರಲ್ಲಿ?"

"ಮಗಳು."

ಮುದುಕಿ ಕೈಗಂಟಿದ ಸಿಪ್ಪೆ ಕೊಡವಿದಳು. ಆಮೇಲೆ, ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳತೊಡಗಿದಳು. ಮರಿಯಮ್ಮ ಅಂತ ಒಬ್ಬಳು ದ್ರಾಕ್ಷಿ ತೋಟದ ಕೂಲಿಗೆ ಬರುತ್ತಿದ್ದಳು, ಕಂಕುಳಲ್ಲಿ ಮೂಳೆಚಕ್ಕಳದ ಮಗು. ಮಧ್ಯಾಹ್ನ ಹಟ್ಟಿ ಗೋಡೆಯ ಕೆಳಗೆ ಕೂತು ಆ ಬಟ್ಟಲು ಒಡ್ಡಿದರೆ ಅತ್ತೆ ಮೇಲಿಂದ ಅಂಬಲಿ ಸುರಿಯುತ್ತಿದ್ದಳು. ಒಂದು ದಿನ ಮರಿಯಮ್ಮ, ಮಗುವಿಗೆ ಇನ್ನೊಂದು ಸೌಟು ಹಾಕಿ ಎಂದಳು. ಅತ್ತೆ ನಕ್ಕು, ನಿಮ್ಮ ಹೊಟ್ಟೆಗೆ ಸಾಕು ಅನ್ನೋದೇ ಇಲ್ವಾ ಎಂದು ಪಾತ್ರೆ ತೊಳೆದ ನೀರು ಸುರಿದಳು. ಆ ಮಗು ಹೆಚ್ಚು ದಿನ ಉಳಿಯಲಿಲ್ಲ.

"ಮರಿಯಮ್ಮ ಎಸ್ರಘಟ್ಟದ ಕಡೆಯೋನೊಬ್ಬನ ಕೈಲಿ ಮಾಟ ಮಾಡ್ಸಿದ್ಲು. ಅಮಾಸೆ ಕಳೆದು ಬೆಳಿಗ್ಗೆ ಬಾಗ್ಲು ತೆಗೆದ್ರೆ ಒಸ್ಲ ಮೇಲೆ ಬಟ್ಲು. ತುಂಬ ಗುಂಡಿ ಮಣ್ಣು. ಆ ಮಗೀನ ಗುಂಡೀದು. ಅವತ್ತಿಂದ ನನ್ನ ಮೈದುನ, ಸಣ್ಣ ಉಡ್ಗ, ತಿನ್ನೋಕೆ ಶುರು ಮಾಡ್ದ. ಕಣಜ ತಿಂದ. ಕೊನೆಗೆ ಗೋಡೆ ಮಣ್ಣು ತಿಂದ."

"ಇಳಿಸೋಕೆ ದಾರಿ ಇಲ್ವಾ?"

"ಐತೆ. ಎತ್ತೋರು, ಅಪ್ಪನೋ ಅವ್ವನೋ, ಒಸ್ಲಾಚೆ ನೆಲದ ಮೇಲೆ ಕುಂತು, ಆ ಬಟ್ಲು ಒಡ್ಡಿ, ಮಗೀನ ತಾವ ಅನ್ನ ಬೇಡ್ಬೇಕು. ನಾಕ್ ಜನ ಕಾಣೋ ಅಂಗೆ. ಮಗು ತಾನೇ ಕೈಯಾರೆ ಆಕ್ಬೇಕು. ಆಗ ಅಸಿವು ಮಗೀನ್ ಬಿಟ್ಟು ಬೇಡ್ದೋರ್ ಒಟ್ಟೆಗೆ ಬರ್ತದೆ. ಬಟ್ಲಲ್ಲೂ ಇರಲ್ಲ ಆಮೇಲೆ. ಬೇಡ್ದೋರ್ ಜೊತೆಗೇ ಓಗೋದು."

"ನಿಮ್ಮನೇಲಿ ಯಾರು ಕೂತ್ರು?"

"ಯಾರೂ ಕೂರ್ಲಿಲ್ಲ." ಮುದುಕಿ ಮತ್ತೆ ಅವರೆಕಾಯಿ ಎತ್ತಿಕೊಂಡಳು. "ನಮ್ಮಾವ ಊರಿಗೆ ದೊಡ್ಡೋನು. ಕೂಲಿಯೋರ್ ಕೂರೋ ತಾವ ಕೂತು ಕೈ ಒಡ್ತಾನಾ? ಅತ್ತೆ ಕೂರ್ತಾಳಾ? ನಾಳೆ, ನಾಡಿದ್ದು ಅಂದ್ರು. ಉಡ್ಗ ಓದ. ಆಮೇಲೆ ಅತ್ತೆ ಕಲ್ಲಲ್ಲಿ ಕುಟ್ಟಿ ಅಂಚು ಆರ್ಸಿದ್ಲು. ಆಗ ನೋಯೋಕೆ ಯಾರಿದ್ರು?"

"ಇಷ್ಟೆಲ್ಲ ಗೊತ್ತಿದ್ದೂ ನನಗ್ಯಾಕೆ ಕೊಟ್ರಿ!"

"ಏಳಿದ್ನಲ್ಲಪ್ಪ."

ವಾಸು ಹೊರಟ. ಗೇಟಿನವರೆಗೆ ಹೋದವನು ತಿರುಗಿ ನಿಂತ.

"ಬೇಡಿದವರು... ಬೇಗ ಸಾಯ್ತಾರಾ?"

"ದೊಡ್ಡೋರ ಒಟ್ಟೆ. ಬೇಗ ಸಾಯಲ್ಲ," ಎಂದಳು. ಅವಳ ದನಿಯಲ್ಲಿ ಸಮಾಧಾನವೇನೂ ಇರಲಿಲ್ಲ.

ನಿಜ ಹೇಳಬೇಕೆಂದರೆ ವಾಸುವೂ ನಾಳೆ ಎಂದ. ಅವನಿಗೆ ಭಯವಿದ್ದದ್ದು ಹಸಿವಿನದಷ್ಟೇ ಅಲ್ಲ. ಆ ಕಾರಿಡಾರಿನಲ್ಲಿ ಎಲ್ಲರೂ ಅವನ ರೋಗಿಗಳು. ಅವರ ಮುಂದೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತು ಬೇಡುವುದೇ? ಬಾಗಿಲು ಹಾಕಿಕೊಂಡು ಮಾಡಿದರಾಗದೇ? ಮಾಡಿಯೂ ನೋಡಿದ. ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ರಾಣಿಗೆ ಎದ್ದು ಕೂರಲಾಗಲಿಲ್ಲ. ಧನಲಕ್ಷ್ಮಿ ಪಿನ್ನು ಹಾಕಲು ಹೋಗಿ, ಹಿಡಿಯಲು ಬಟ್ಟೆಯಷ್ಟೇ ಸಿಕ್ಕು, ಗೋಡೆಗೆ ತಲೆ ಚಚ್ಚಿಕೊಂಡಳು.

ಭಾನುವಾರ ಮಟಮಟ ಮಧ್ಯಾಹ್ನ. ಮನೆಮನೆಯಿಂದ ಒಗ್ಗರಣೆಯ ಘಮ. ಕುಕ್ಕರುಗಳ ಕೂಗು. ವಾಸು ಬಾಗಿಲು ತೆರೆದ. ಹೊಸ್ತಿಲಾಚೆ ಬರಿನೆಲದ ಮೇಲೆ ಕೂತ. ಬಟ್ಟಲು ಒಡ್ಡಿದ. ಒಳಗೆ ಧನಲಕ್ಷ್ಮಿಯ ಎದೆಗೊರಗಿ ರಾಣಿ ತಟ್ಟೆಯನ್ನು ತಬ್ಬಿಕೊಂಡು ತಿನ್ನುತ್ತಿದ್ದಳು.

ಎದುರುಮನೆಯ ಆನಂದಪ್ಪ ಕಸದ ಚೀಲ ಹಿಡಿದು ಹೊರಬಂದವರು ನಿಂತರು.

"ಏನ್ ಡಾಕ್ಟ್ರೇ, ಯಾವ್ದಾದ್ರೂ ವ್ರತಾನಾ? ಮೇಡಂ ಒಳಗೆ ಸೇರಿಸ್ತಿಲ್ವಾ?"

ಯಾರೋ ನಕ್ಕರು. ಲಿಫ್ಟಿನಿಂದ ಇಳಿದವರು ಅಲ್ಲೇ ಉಳಿದರು. ಒಬ್ಬರು ಮೊಬೈಲ್ ಎತ್ತಿದರು.

"ತಾಯಿ," ಎಂದ ವಾಸು. "ತಾಯಿ, ಅನ್ನ ಹಾಕು."

ರಾಣಿ ತಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಗುರ್ ಎಂದಳು. ಅದು ಅವಳ ದನಿಯಲ್ಲ.

"ಹಸಿವು ತಾಯಿ. ಒಂದು ತುತ್ತು ಹಾಕು."

ನಗು ನಿಂತಿತು. ಬಟ್ಟಲು ತಾನಾಗಿ ಹಾಡತೊಡಗಿತು. ಸಣ್ಣಗೆ. ಆಮೇಲೆ ಜೋರಾಗಿ. ಒಗ್ಗರಣೆಯ ಘಮ ಸತ್ತಿತು. ಹುಳಿ ವಾಸನೆ. ಹಸಿ ಮಣ್ಣಿನ ವಾಸನೆ. ಕಾರಿಡಾರಿನ ಬೆಳಕು ಮಂಕಾಯಿತು. ಬಟ್ಟಲು ಭಾರವಾಯಿತು. ಒಂದು ಮಗುವಿನಷ್ಟು ಭಾರ. ಅವನು ಬಿಡಲಿಲ್ಲ. ಹಣೆ ನೆಲಕ್ಕೆ ತಾಗುವಷ್ಟು ಬಾಗಿದ.

"ನಿನ್ನ ಕಾಲಿಗೆ ಬೀಳ್ತೀನಿ ತಾಯಿ. ಹಾಕು."

ಕಡ್ಡಿಯಂಥ ಕೈಯೊಂದು ತಟ್ಟೆಯಿಂದ ಎದ್ದಿತು. ಹೊಸ್ತಿಲು ದಾಟಿತು. ಹಿಡಿ ಅನ್ನ ಬಟ್ಟಲಿಗೆ ಬಿತ್ತು. ಹಾಡು ಕತ್ತರಿಸಿದಂತೆ ನಿಂತಿತು.

ವಾಸು ಬಾಯಿಗಿಟ್ಟ. ನುಂಗಿದ. ಹೊಟ್ಟೆಯಲ್ಲಿ ಯಾರೋ ಬಂದು ಕೂತರು. ಪುಟ್ಟದಾಗಿ, ಮಂಡಿ ಮಡಚಿ, ಬಾಯಿ ತೆರೆದು.

"ಇನ್ನೂ," ಎಂದ ಅವನು.

"ನಂಗೆ ಸಾಕಮ್ಮಾ," ಎಂದು ರಾಣಿ ತಾಯಿಯ ಕೊರಳಿಗೆ ಮುಖ ಒತ್ತಿದಳು.

ಧನಲಕ್ಷ್ಮಿ ಕುಸಿದು ಅಳತೊಡಗಿದಳು. ವಾಸುವಿಗೆ ಅಳಲು ಬಿಡುವಿರಲಿಲ್ಲ. ನೆಲಕ್ಕೆ ಚೆಲ್ಲಿದ ಅಗುಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ಪಕ್ಕಕ್ಕಿಟ್ಟ ಬಟ್ಟಲಿಗೆ ಮೊಣಕೈ ತಾಗಿ 'ಟಕ್' ಎಂದಿತು, ಒಡೆದು ಬೆಸೆದ ಯಾವುದೇ ಪಾತ್ರೆಯ ಹಾಗೆ. ಆನಂದಪ್ಪ ಕಸದ ಚೀಲವನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು. ಡಾಕ್ಟರು ಅದನ್ನೇ ನೋಡುತ್ತಿದ್ದರು.

ಕ್ಲಿನಿಕ್ ಮುಚ್ಚಿತು. ಬಾಯಿ ತೆರೆದು ಮಲಗಿದವರ ಹಲ್ಲಿನ ಸಂದಿಯಲ್ಲಿ ಉಳಿದ ತುಣುಕನ್ನು ಡಾಕ್ಟರು ನೋಡುವ ರೀತಿಗೇ ರೋಗಿಗಳು ಎದ್ದು ಹೋಗಿದ್ದರು. ಬೀರುವಿನ ಪಿಂಗಾಣಿಯೆಲ್ಲ ಮಾರಾಟವಾಗಿ ಅಕ್ಕಿಯಾಯಿತು, ರಾಗಿಯಾಯಿತು. ಧನಲಕ್ಷ್ಮಿ ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ. ರಾಣಿಯ ಕೆನ್ನೆ ಮಾತ್ರ ತುಂಬಿಕೊಂಡಿತು. ಸ್ಕರ್ಟಿಗೆ ಪಿನ್ನು ಬೇಡವಾಯಿತು. ಅವಳು ಮತ್ತೆ ಊಟಕ್ಕೆ ಹಟ ಮಾಡುವ ಹುಡುಗಿಯಾದಳು.

ಆ ದಿನ ಶಾಲೆಗೆ ಹೊರಟು ನಿಂತವಳು ಅರ್ಧ ದೋಸೆ ಬಿಟ್ಟು ಎದ್ದಳು. ಮೇಜಿನ ಆ ತುದಿಯಲ್ಲಿ ವಾಸು ಕೂತಿದ್ದ. ಶರ್ಟಿನೊಳಗೆ ಮೈ ಎಲ್ಲಿದೆಯೆಂದು ಹುಡುಕಬೇಕಿತ್ತು.

"ಇನ್ನರ್ಧ ಯಾರು ತಿಂತಾರೇ?" ಅಡುಗೆಮನೆಯಿಂದ ಧನಲಕ್ಷ್ಮಿ ಕೇಳಿದಳು.

"ಅಪ್ಪಂಗೆ ಇರಲಿ ಬಿಡಮ್ಮ."

"ಕೈಯಲ್ಲಿ ಕೊಡಬೇಡ ಪುಟ್ಟಾ," ಎಂದ ವಾಸು. ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಹೇಳಿದ.

ರಾಣಿಯ ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು ಸುತ್ತಿತ್ತು. ಮೊನ್ನೆ ಅಪ್ಪನಿಗೆ ಬಾಳೆಹಣ್ಣು ಕೊಡುವಾಗ ಆದದ್ದು. ಅವಳು ಬ್ಯಾಗಿನಿಂದ ಉದ್ದನೆಯ ಸ್ಕೇಲು ತೆಗೆದಳು. ಅದರ ತುದಿಯನ್ನು ತಟ್ಟೆಗೆ ತಾಗಿಸಿ, ಮೇಜಿನ ಮೇಲೆ ಅವನ ಕಡೆಗೆ ಮೆಲ್ಲಗೆ ತಳ್ಳತೊಡಗಿದಳು.